ಬಂಡೆಯ ಮೇಲಿನ ಬೂದು ಪದರ ಜೀವಿಯೇ? ಗುರುತಿಸುವ ಮತ್ತು ವರ್ಗೀಕರಿಸುವ ಬಗೆ

ಬಂಡೆಯ ಮೇಲೆ ಹರಡಿದ ಪದರವೊಂದು ಜೀವಿಯೋ ಖನಿಜದ ಕಲೆಯೋ ಎಂದು ಬರಿಗಣ್ಣಿನಿಂದ ತೀರ್ಮಾನಿಸಲು ಹೋಗಬಾರದು. ಮ್ಯಾಂಗನೀಸ್ ಆಕ್ಸೈಡ್ ಕಲ್ಲಿನ ಬಿರುಕುಗಳಲ್ಲಿ ಜರಿಗಿಡದ ಎಲೆಯಂತೆ ಕವಲೊಡೆದು ಹಬ್ಬುತ್ತದೆ, ಆದರೆ ಅದು ನಿರ್ಜೀವ. ನಾವು ಮಸಾಲೆಗೆ ಹಾಕುವ ಕಲ್ಲುಹೂವು ಒಣಗಿದಾಗ ಜಡವಾಗಿ ಕಂಡರೂ ಜೀವಿಯ ದೇಹವೇ.

ಬೆಳವಣಿಗೆಯೊಂದನ್ನೇ ಪುರಾವೆಯಾಗಿ ಹಿಡಿಯಬೇಡಿ. ಉಪ್ಪಿನ ಹರಳೂ ದ್ರಾವಣದಲ್ಲಿ ದೊಡ್ಡದಾಗುತ್ತದೆ, ಆದರೆ ಹೊರಗಿನಿಂದ ಪದರದ ಮೇಲೆ ಪದರ ಅಂಟಿಕೊಂಡು. ಜೀವಿಯು ತಾನು ಪಡೆದ ವಸ್ತುವನ್ನು ಒಳಗೇ ಮಾರ್ಪಡಿಸಿ ದೇಹ ಕಟ್ಟಿಕೊಳ್ಳುತ್ತದೆ. ಸಂತಾನೋತ್ಪತ್ತಿಯೂ ಒಂಟಿಯಾಗಿ ಸಾಲದು, ಏಕೆಂದರೆ ಹೇಸರಗತ್ತೆ ಸಾಮಾನ್ಯವಾಗಿ ಮರಿ ಹಾಕುವುದಿಲ್ಲ, ಹಾಗೆಂದು ಅದನ್ನು ನಿರ್ಜೀವವೆನ್ನಲಾಗದು. ಆದ್ದರಿಂದ ಮೊದಲು ಜೀವಕೋಶಗಳನ್ನು ಹುಡುಕುವುದೇ ಸರಿಯಾದ ಕ್ರಮ.

ಕಲ್ಲುಹೂವಿನ ಚೂರನ್ನು ನೆನೆಸಿ, ಹೊಸ ಬ್ಲೇಡಿನಿಂದ ಆದಷ್ಟು ತೆಳುವಾಗಿ ಅಡ್ಡ ಕೊಯ್ದು, ಗಾಜಿನ ಪಟ್ಟಿಯ ಮೇಲೆ ನೀರಿನ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ಹಿಗ್ಗಿಸಿ ನೋಡಿ. ಮೇಲೆ ಒತ್ತಾಗಿ ಹೆಣೆದ ಶಿಲೀಂಧ್ರದ ಎಳೆಗಳು, ಅದರಡಿ ದುಂಡನೆಯ ಹಸಿರು ಶೈವಲ (ಪಾಚಿ) ಕೋಶಗಳು, ಅದಕ್ಕೂ ಕೆಳಗೆ ಸಡಿಲವಾದ ಬಿಳಿ ಎಳೆಗಳ ಪದರ ಕಾಣುತ್ತವೆ. ಖನಿಜದ ಕಲೆಯಲ್ಲಿ ಇಂಥ ಕೋಶರಚನೆ ಇರುವುದಿಲ್ಲ.

ಕೋಶ ಕಂಡಿತೆಂದರೆ ಅದು ಜೈವಿಕ ವಸ್ತುವೆಂದು ತಿಳಿಯಿತು, ಈಗ ಬದುಕಿದೆಯೆಂದು ತಿಳಿಯಲಿಲ್ಲ. ನೀರು ಬಿದ್ದೊಡನೆ ಮೇಲ್ಪದರ ಪಾರದರ್ಶಕವಾಗಿ ಒಳಗಿನ ಹಸಿರು ಮೂಡುವುದನ್ನು ನೋಡಿ ಹಲವರು ಮೋಸಹೋಗುತ್ತಾರೆ. ಸತ್ತ ಕಲ್ಲುಹೂವೂ ನೀರು ಹೀರಿ ಉಬ್ಬುತ್ತದೆ. ಸಂಶೋಧಕರು ಅದು ಬೆಳಕಿನಲ್ಲಿ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು ಕತ್ತಲಲ್ಲಿ ಹೊರಬಿಡುವುದನ್ನು ಅಳೆದು, ಅಂದರೆ ಚಯಾಪಚಯ (ಜೀವಕೋಶದೊಳಗೆ ನಡೆಯುವ ರಾಸಾಯನಿಕ ಕ್ರಿಯೆಗಳು) ನಡೆಯುತ್ತಿದೆಯೆಂದು ಖಚಿತಪಡಿಸಿಕೊಂಡು, ಬಳಿಕವೇ ಅದು ಬದುಕಿದೆಯೆಂದು ಹೇಳುತ್ತಾರೆ. ವೈರಸ್‌ಗೆ ಕೋಶವೂ ಇಲ್ಲ, ಸ್ವಂತ ಚಯಾಪಚಯವೂ ಇಲ್ಲ. ಹಾಗಾಗಿ ವೈರಸ್‌ಗಳ ವರ್ಗೀಕರಣವನ್ನೇ ಪ್ರತ್ಯೇಕವಾಗಿ ಇಟ್ಟಿದ್ದಾರೆ.

ಇನ್ನು ವರ್ಗೀಕರಣ. ಕಲ್ಲುಹೂವು ಶಿಲೀಂಧ್ರ ಮತ್ತು ಶೈವಲಗಳ ಕೂಡುಜೀವನವೆಂದು ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಸೈಮನ್ ಶ್ವೆಂಡೆನರ್ 1860ರ ದಶಕದಲ್ಲಿ ಪ್ರತಿಪಾದಿಸಿದಾಗ ಅಂದಿನ ಹಲವು ತಜ್ಞರು ಕಟುವಾಗಿ ವಿರೋಧಿಸಿದರು. ಇಂದಿನ ನಿಯಮದಂತೆ ಹೆಸರು ಶಿಲೀಂಧ್ರಕ್ಕೆ ಸಲ್ಲುತ್ತದೆ. ಹಾಗಾಗಿ ನಮ್ಮ ಅಡುಗೆಮನೆಯ ಕಲ್ಲುಹೂವನ್ನು ಹೀಗೆ ಇರಿಸಿ: ಸಾಮ್ರಾಜ್ಯ ಶಿಲೀಂಧ್ರ, ವಂಶ ಆಸ್ಕೊಮೈಕೋಟ, ವರ್ಗ ಲೆಕನೋರೊಮೈಸಿಟೀಸ್, ಗಣ ಲೆಕನೋರೇಲ್ಸ್, ಕುಟುಂಬ ಪಾರ್ಮೆಲಿಯೇಸಿ, ಜಾತಿ ಪಾರ್ಮೋಟ್ರೀಮಾ, ಪ್ರಭೇದ ಪರ್ಲೇಟಂ. ಅದರೊಳಗಿನ ಶೈವಲವಾದ ಟ್ರೆಬೌಕ್ಸಿಯಾ ಹಸಿರು ಶೈವಲಗಳ ಗುಂಪಿಗೆ ಸೇರುತ್ತದೆ.

ಪ್ರಭೇದದ ಮಟ್ಟದಲ್ಲಿ ಆತುರ ಬೇಡ. ಕಲ್ಲುಹೂವಿನ ಹಾಳೆಯಂಥ ದೇಹದ ಅಂಚಿನಲ್ಲಿ ಹಿಟ್ಟಿನಂಥ ಪುಡಿಯಿದೆಯೇ, ಕಪ್ಪು ರೋಮಗಳಿವೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ, ಒಳಗಿನ ಬಿಳಿ ಪದರದ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಹನಿ ಹಾಕಿ ಹಳದಿಗೆ ತಿರುಗುವುದೇ ಎಂದು ಪರೀಕ್ಷಿಸಿ. ದ್ರಾವಣ ಚರ್ಮವನ್ನು ಸುಡುತ್ತದೆ, ಕೈಗವಸು ಧರಿಸಿ. ರೂಪದ ಹೋಲಿಕೆ ಸಂಬಂಧವನ್ನು ಸಾಬೀತುಪಡಿಸದಿರುವುದರಿಂದ, ಸಂದೇಹ ಉಳಿದರೆ ಡಿಎನ್‌ಎ ಅನುಕ್ರಮವನ್ನು ಹೋಲಿಸಬೇಕಾಗುತ್ತದೆ. ಇವು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಜೀವಿಗಳಾದ್ದರಿಂದ ಬೆರಳುಗುರಿನಷ್ಟು ಚೂರು ತೆಗೆದುಕೊಂಡರೆ ಸಾಕು. ಅದನ್ನು ಕಾಗದದ ಲಕೋಟೆಯಲ್ಲಿಟ್ಟು ಸ್ಥಳ, ದಿನಾಂಕ, ಬೆಳೆದದ್ದು ಕಲ್ಲಿನ ಮೇಲೋ ತೊಗಟೆಯ ಮೇಲೋ ಎಂಬುದನ್ನು ಅಲ್ಲೇ ಬರೆದಿಡಿ.