ಟ್ಯಾಂಕ್ ಫುಲ್, ಗೇಜ್ ಖಾಲಿ: ಹಳೇ ಬೋಟಿನ ಜೊತೆ ನನ್ನ ಒದ್ದಾಟ

ಈ ಹಳೇ ಬೋಟು ತಗೊಂಡಾಗಿಂದ್ಲೂ ಫ್ಯೂಯಲ್ ಗೇಜ್ ಮುಳ್ಳು ಖಾಲಿ ಗೆರೆ ಬಿಟ್ಟು ಮೇಲೇಳ್ತಾನೇ ಇರ್ಲಿಲ್ಲ, ಟ್ಯಾಂಕ್ ತುಂಬಿಸಿದ್ರೂ ಅಷ್ಟೇ. ನಾನು ಮಾಡಿದ ಮೊದಲ ಕೆಲಸಾನೇ ತಪ್ಪು, ಏನೂ ಚೆಕ್ ಮಾಡ್ದೆ ಸೀದಾ ಹೊಸ ಗೇಜ್ ತಂದು ಹಾಕ್ಬಿಟ್ಟೆ. ಕೀ ಆನ್ ಮಾಡಿದ ತಕ್ಷಣ ಮುಳ್ಳು ಫುಲ್‌ಗೆ ಹೋಯ್ತು, ಟ್ಯಾಂಕೂ ಆಗ ತಾನೇ ತುಂಬಿಸಿದ್ದು, ಸಕತ್ ಖುಷಿ. ಮೂರು ಗಂಟೆ ಓಡಿಸ್ಕೊಂಡು ಬಂದ್ಮೇಲೂ ಅದು ಫುಲ್ಲಲ್ಲೇ ಕೂತಿತ್ತು ನೋಡಿ, ಆಗ ಡೌಟ್ ಬಂತು.

ಟ್ಯಾಂಕ್ ಒಳಗೆ ಸೆಂಡರ್ ಅಂತ ಫ್ಲೋಟ್ (ತೇಲೋ ಬೆಂಡು) ಇರೋ ಒಂದು ಸಾಧನ ಇರತ್ತೆ, ಪೆಟ್ರೋಲ್ ಏರಿಳಿದ ಹಾಗೆ ಅದರ ರೆಸಿಸ್ಟೆನ್ಸ್, ಅಂದ್ರೆ ಓಮ್ ಲೆಕ್ಕ, ಬದಲಾಗತ್ತೆ, ಗೇಜು ಓದೋದು ಅದನ್ನೇ. ಡಬ್ಬಿ ತೆಗೆದು ಓದಿದ್ರೆ ಅದು 10-180 ಓಮ್ ಗೇಜು. ಯುರೋಪ್ ಕಡೆ ಲೆಕ್ಕ ಅದು, ಖಾಲಿಗೆ 10, ಫುಲ್‌ಗೆ 180. ನನ್ನ ಬೋಟಲ್ಲಿ ಇದ್ದಿದ್ದು ಅಮೆರಿಕನ್ ಲೆಕ್ಕ, ಖಾಲಿಗೆ 240, ಫುಲ್‌ಗೆ 33, ಅಂದ್ರೆ ಪೂರ್ತಿ ಉಲ್ಟಾ. ಎಲ್ಲೋ ವೈರ್ ಕಟ್ ಆಗಿದ್ರೆ ಓಮ್ ಅಳತೆ ಮೀರಿ ಏರತ್ತೆ, ಅದಕ್ಕೇ ಹಳೇ ಗೇಜು ಖಾಲಿ ಅನ್ನತ್ತೆ, ಹೊಸದು ಅದೇ ಕಟ್ ಆದ ವೈರ್ ನೋಡಿ ಫುಲ್ ಅನ್ನತ್ತೆ. ಎರಡು ಗೇಜೂ ಸರಿಯಾಗೇ ಇದ್ವು, ಪೆದ್ದ ಆಗಿದ್ದು ನಾನು. ಆದ್ರೆ ಒಂದು ಸುಳಿವಂತೂ ಸಿಕ್ತು, ಕನೆಕ್ಷನ್ ಎಲ್ಲೋ ಬಿಟ್ಟೋಗಿದೆ.

ಹಳೇ ಗೇಜನ್ನೇ ವಾಪಸ್ ಹಾಕ್ದೆ. ಹಿಂದ್ಗಡೆ ಮೂರು ಟರ್ಮಿನಲ್ ಇರತ್ತೆ: ಐ ಅಂದ್ರೆ ಇಗ್ನಿಷನ್‌ನಿಂದ ಬರೋ 12 ವೋಲ್ಟ್, ಜಿ ಅಂದ್ರೆ ಗ್ರೌಂಡ್, ಎಸ್ ಅಂದ್ರೆ ಟ್ಯಾಂಕ್ ಸೆಂಡರ್‌ಗೆ ಹೋಗೋ ವೈರು. ಐನಲ್ಲಿ 12 ವೋಲ್ಟ್ ಇದ್ಯಾ ಅಂತ ಮೀಟರ್ ಹಿಡಿದು ನೋಡ್ಕೊಂಡು, ಎಸ್ ವೈರ್ ಬಿಚ್ಚಿ, ಒಂದು ತುಂಡು ವೈರಲ್ಲಿ ಎಸ್‌ನ ಜಿಗೆ ಒಂದ್ಸಲ ಮುಟ್ಟಿಸ್ದೆ, ಮುಳ್ಳು ಟಪ್ ಅಂತ ಫುಲ್‌ಗೆ ಎದ್ದಿತು. ಗೇಜಿಂದೇನೂ ತಪ್ಪಿಲ್ಲ ಅಂತ ಗೊತ್ತಾಗೋಕೆ ಎರಡು ನಿಮಿಷ ಸಾಕಾಯ್ತು. ಬಿಚ್ಚಿದ್ದ ವೈರ್ ಹಾಕಿ ಟ್ಯಾಂಕ್ ಕಡೆ ಹೋದೆ.

ಟ್ಯಾಂಕ್ ಹತ್ರ ಮಾತ್ರ ಆಟ ಆಡ್ಬೇಡಿ, ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲಿ ಹೋಗಿ ಕೂತ್ಕೊಳತ್ತೆ, ಒಂದು ಕಿಡಿ ಸಾಕು. ನಾನು ಮುಚ್ಚಳ ಎಲ್ಲ ತೆಗೆದು, ಬ್ಲೋವರ್ (ಆವಿ ಹೊರಗೆ ತಳ್ಳೋ ಫ್ಯಾನು) ಚೆನ್ನಾಗಿ ಓಡಿಸಿ, ವಾಸನೆ ಪೂರ್ತಿ ಹೋದ್ಮೇಲೇ ಕೈ ಹಾಕಿದ್ದು. ಕ್ಲಿಪ್ ಹಾಕೋದು ತೆಗೆಯೋದು ಎಲ್ಲ ಕೀ ಆಫ್ ಇದ್ದಾಗಲೇ, ಆಮೇಲೆ ಮೇಲೆ ಹೋಗಿ ಕೀ ಆನ್ ಮಾಡಿ ಮುಳ್ಳು ನೋಡೋದು. ಹತ್ತು ಸಲ ಹತ್ತಿ ಇಳಿದು ಸೊಂಟ ಹಿಡ್ಕೊಂತು, ಇರ್ಲಿ.

ಸೆಂಡರ್ ನಡುವಿನ ಬೋಲ್ಟಿಂದ ಪಿಂಕ್ ವೈರ್ ಬಿಚ್ಚಿ ಪಕ್ಕದ ಗ್ರೌಂಡ್ ವೈರ್‌ಗೆ ಕ್ಲಿಪ್ ಹಾಕ್ದೆ, ಮುಳ್ಳು ಅಲ್ಲಾಡ್ಲಿಲ್ಲ. ಅದೇ ಪಿಂಕ್ ವೈರ್‌ಗೆ ಒಂದು ಉದ್ದದ ವೈರ್ ಸೇರಿಸಿ ಎಳ್ಕೊಂಡು ಹೋಗಿ ಬ್ಯಾಟರಿ ನೆಗೆಟಿವ್‌ಗೆ ಹಾಕಿದ್ರೆ ಫುಲ್! ಸರಿ, ಗ್ರೌಂಡೇ ಕಳ್ಳ. ಹೊರಗಿಂದ ನೋಡಿದ್ರೆ ಏನೂ ಆಗಿಲ್ಲ, ಸ್ವಲ್ಪ ಎಳೆದೆ ಅಷ್ಟೇ, ರಿಂಗ್ ಹತ್ರ ಪಟ್ ಅಂತ ಕೈಗೇ ಬಂತು, ಪ್ಲಾಸ್ಟಿಕ್ ಒಳಗೆ ತಾಮ್ರ ಪೂರ್ತಿ ಹಸಿರು ಪುಡಿ. ತವರ ಲೇಪ ಇರೋ ಹೊಸ ವೈರ್ ಎಳೆದು, ತುದಿಗೆ ರಿಂಗ್ ಕ್ರಿಂಪ್ ಮಾಡಿ (ಒತ್ತಿ ಕೂರಿಸಿ), ಮೇಲೆ ಹೀಟ್ ಶ್ರಿಂಕ್, ಅಂದ್ರೆ ಬಿಸಿಗೆ ಬಿಗಿಯಾಗೋ ಪ್ಲಾಸ್ಟಿಕ್ ಕೊಳವೆ ಹಾಕ್ದೆ. ಮುಳ್ಳಿಗೆ ಜೀವ ಬಂತು.

ಮುಗೀತು ಅನ್ಕೊಂಡೆ, ಎಲ್ಲಿ? ಅರ್ಧ ಟ್ಯಾಂಕ್‌ವರೆಗೆ ನಿಧಾನಕ್ಕೆ ಇಳಿದ ಮುಳ್ಳು ಅಲ್ಲಿಂದ ದಿಢೀರ್ ಖಾಲಿಗೆ ಬಿತ್ತು. ಟ್ಯಾಂಕ್ ಅರ್ಧಕ್ಕಿಂತ ಕಮ್ಮಿ ಇರುವಾಗ ಬ್ಯಾಟರಿ ಕನೆಕ್ಷನ್ ತೆಗೆದು ಸೆಂಡರ್ ಹೊರಗೆ ತೆಗೆದೆ, ಐದು ಸ್ಕ್ರೂನಲ್ಲಿ ಎರಡು ತುಕ್ಕು ಹಿಡ್ದು ಒಂದು ರಾತ್ರಿ ಎಣ್ಣೆ ಕುಡಿದ್ವು. ಗಾಳಿ ಆಡೋ ಕಡೆ ಕೂತು ಮಲ್ಟಿಮೀಟರ್ ಹಾಕಿ ಫ್ಲೋಟ್ ಕೈಯಲ್ಲಿ ಇಳಿಸ್ತಾ ಬಂದೆ: 33, 60, 100ರ ಹತ್ರ, ಅಲ್ಲಿಂದ ಮೀಟರಲ್ಲಿ ಏನೂ ಇಲ್ಲ, ಸ್ವಲ್ಪ ಅಲ್ಲಾಡಿಸಿದ್ರೆ ಬರತ್ತೆ, ಮತ್ತೆ ಹೋಗತ್ತೆ. ಒಳಗೆ ಉಜ್ಜೋ ತಗಡು ಸವೆದು ಹೋಗಿತ್ತು. ಅದನ್ನ ರಿಪೇರಿ ಮಾಡೋರೂ ಇದಾರೆ, ನನಗೆ ತಾಳ್ಮೆ ಇರ್ಲಿಲ್ಲ.

ಈ ಸಲ ಓಮ್ ಮೂರು ಸಲ ಓದಿ 240-33ದೇ ತಂದೆ, ಕೊಳವೆ ಒಳಗೆ ರೀಡ್ ಸ್ವಿಚ್ (ಅಯಸ್ಕಾಂತ ಹತ್ರ ಬಂದ್ರೆ ಆನ್ ಆಗೋ ಸಣ್ಣ ಸ್ವಿಚ್) ಇರೋ ಸೆಂಡರ್, ಹಳೇದ್ರ ಥರ ತೋಳು ಇಲ್ಲ, ಫ್ಲೋಟ್ ಕೊಳವೆ ಮೇಲೇ ಮೇಲೆ ಕೆಳಗೆ ಜಾರತ್ತೆ. ಟ್ಯಾಂಕ್ ಆಳ ಒಂದು ಒಣ ಮರದ ಕಡ್ಡೀಲಿ ಅಳೆದು, ತಳಕ್ಕೆ ತಾಗದೇ ಇರ್ಲಿ ಅಂತ ಸುಮಾರು ಒಂದು ಇಂಚು ಗಿಡ್ಡದ್ದು ಆರಿಸ್ದೆ. ಸ್ಕ್ರೂಗಳ ಐದು ತೂತಲ್ಲಿ ಒಂದು ಸ್ವಲ್ಪ ಆಚೀಚೆ ಇರೋದ್ರಿಂದ ಸೆಂಡರ್ ಒಂದೇ ರೀತೀಲಿ ಕೂರೋದು, ನಾನು ಇದು ಗೊತ್ತಿಲ್ದೆ ಅರ್ಧ ಗಂಟೆ ತಿರುಗಿಸ್ತಾ ಕೂತಿದ್ದೆ. ಹೊಸ ಗ್ಯಾಸ್ಕೆಟ್ ಹಾಕಿ, ಸ್ಕ್ರೂ ತಲೆ ಕೆಳಗೂ ಸೀಲ್ ವಾಷರ್ ಹಾಕಿ, ಇಲ್ಲಾಂದ್ರೆ ಸ್ಕ್ರೂ ತೂತಲ್ಲೇ ಪೆಟ್ರೋಲ್ ಜಿನುಗತ್ತೆ.

ಟ್ಯಾಂಕ್ ತಳ ಕಿರಿದು, ಹಂಗಾಗಿ ಮುಳ್ಳು ಅರ್ಧ ಅಂದ್ರೆ ಪೆಟ್ರೋಲ್ ಅರ್ಧ ಇರಲ್ಲ. ಹತ್ತ್ಹತ್ತು ಲೀಟರ್ ಹಾಕ್ತಾ ಡ್ಯಾಶ್‌ಬೋರ್ಡಲ್ಲಿ ಟೇಪ್ ಮೇಲೆ ಗುರುತು ಮಾಡ್ಕೊಂಡೆ, ಬೋಟು ನಿಂತಿರುವಾಗಲೇ ನೋಡ್ತೀನಿ, ಓಡುವಾಗ ಮೂತಿ ಎತ್ಕೊಂಡು ಪೆಟ್ರೋಲೆಲ್ಲ ಹಿಂದಕ್ಕೆ ಹೋಗತ್ತೆ. ಆ 10-180 ಗೇಜು ಇನ್ನೂ ಡಬ್ಬೀಲೇ ಇದೆ, ಯುರೋಪ್ ಕಡೆ ಸೆಂಡರ್ ಇರೋರು ಯಾರಾದ್ರೂ ಕೇಳಿದ್ರೆ ಕೊಟ್ಬಿಡ್ತೀನಿ.