ಕವಿತೆ ತಿದ್ದಲು ಕೂತಾಗ

ಬರೆದ ಕವಿತೆಯನ್ನು ಅದೇ ದಿನ ತಿದ್ದಬೇಡಿ. ಹತ್ತು ದಿನವಾದರೂ ಕಣ್ಣಿಗೆ ಬೀಳದ ಹಾಗೆ ಎತ್ತಿಡಿ. ಬರೆದ ಬಿಸಿಯಲ್ಲಿ ಎಲ್ಲ ಸಾಲೂ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ?

ಆಮೇಲೆ ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಹೊಸ ಹಾಳೆಯ ಮೇಲೆ ಇಡೀ ಕವಿತೆಯನ್ನು ಕೈಯಲ್ಲೇ ಮತ್ತೆ ಬರೆಯಿರಿ. ಯಾವ ಸಾಲು ಬರೆಯಲು ಕೈಗೆ ಬೇಜಾರಾಗುತ್ತದೋ ಅದರ ಪಕ್ಕ ಒಂದು ಗುರುತು ಹಾಕಿ. ಹಳೆಯ ಹಾಳೆ ಎಸೆಯಬೇಡಿ. ನಾನು ತಾರೀಖು ಹಾಕಿ ಹಿಂದೆ ಪಿನ್ ಮಾಡಿಡುತ್ತೇನೆ. ಎಷ್ಟೋ ಸಲ ಹೊಡೆದು ಹಾಕಿದ ಪದವೇ ಕೊನೆಗೆ ಬೇಕಾಗುತ್ತದೆ.

ಈಗ ಒಂದೇ ಸಾಲು ಹಿಡಿಯಿರಿ. ಇಡೀ ಕವಿತೆ ಸರಿ ಮಾಡ್ತೀನಿ ಅಂತ ಕೂತರೆ ಮನಸ್ಸು ಎಲ್ಲೂ ನಿಲ್ಲುವುದಿಲ್ಲ. ಅಮ್ಮ ಹೋದ ಮೇಲೆ ನಾನು ಬರೆದ ಸಾಲು ಹೀಗಿತ್ತು: ‘ಅಮ್ಮನ ಕನ್ನಡಕ ಕಿಟಕಿಯ ಬಳಿ ದುಃಖದಿಂದ ಕಾಯುತ್ತಿದೆ.’ ಮೊದಲು ‘ದುಃಖದಿಂದ’ ಹೊಡೆದು ಹಾಕಿದೆ. ದುಃಖ ನನ್ನದು, ಕನ್ನಡಕದ್ದಲ್ಲ. ಅದೇ ಕಾರಣಕ್ಕೆ ‘ಕಾಯುತ್ತಿದೆ’ಯೂ ಹೋಯಿತು. ಕಣ್ಣಾರೆ ಕಂಡದ್ದನ್ನಷ್ಟೇ ಬರೆದೆ: ‘ಮಡಚಿಟ್ಟ ಕನ್ನಡಕ ಕಿಟಕಿಯಲಿ ಹಾಗೇ ಇದೆ.’

ಜೋರಾಗಿ ಓದಿದೆ. ಕೊನೆಯಲ್ಲಿ ನಾಲಿಗೆ ಎಡವಿತು. ಲಘುವಿಗೆ (ಹ್ರಸ್ವ ಅಕ್ಷರಕ್ಕೆ) 1, ಗುರುವಿಗೆ (ದೀರ್ಘಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ) 2 ಅಂತ ಮಾತ್ರೆ, ಅಂದರೆ ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ, ಎಣಿಸಿದೆ. ಮಡಚಿಟ್ಟ 5, ಕನ್ನಡಕ 5, ಕಿಟಕಿಯಲಿ 5, ‘ಹಾಗೇ ಇದೆ’ 6. ‘ಹಾಗೆ ಇದೆ’ ಅಂದರೆ ಲೆಕ್ಕ ಸರಿಹೋಗುತ್ತದೆ. ಆದರೆ ಯಾರೂ ಅದನ್ನು ಮುಟ್ಟಿಲ್ಲ ಅನ್ನೋದು ಆ ದೀರ್ಘದಲ್ಲೇ ಇರೋದು! ಎರಡನ್ನೂ ಬಾಯಲ್ಲಿ ಹೇಳಿಕೊಳ್ಳುತ್ತಾ ಕೂತೆ. ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ, ಒಮ್ಮೆ ಬೆರಳು ಮಡಚುತ್ತಾ. ಮಧ್ಯಾಹ್ನ ಕೂತವಳು ತಲೆ ಎತ್ತಿದಾಗ ಹೊರಗೆ ಕತ್ತಲಾಗಿತ್ತು. ಕೊನೆಗೆ ಎಡವಿದ್ದನ್ನೇ ಉಳಿಸಿಕೊಂಡೆ. ಓದುವವರೂ ಅಲ್ಲಿ ಒಂದು ಗಳಿಗೆ ನಿಲ್ಲಲಿ ಅನ್ನಿಸಿತು.

ಹಾಗಾಗಿ ಮಾತ್ರೆ ಖಂಡಿತ ಎಣಿಸಿ. ಛಂದಸ್ಸಿಲ್ಲದ ಕವಿತೆಗೂ ಎಣಿಸಿ. ಎಲ್ಲಿ ಎಡವುತ್ತಿದ್ದೀರಿ ಅಂತ ಅದು ತೋರಿಸುತ್ತದೆ. ಅಲ್ಲಿ ತಿದ್ದಬೇಕೋ ಬಿಡಬೇಕೋ ಅನ್ನೋದನ್ನು ಮಾತ್ರ ಕಿವಿಗೆ ಬಿಡಿ.

ಸಂಜೆ ತೆಗೆದ ಪದವನ್ನೇ ಬೆಳಿಗ್ಗೆ ಮತ್ತೆ ಹಾಕುತ್ತಿದ್ದರೆ, ಆ ಸಾಲಿನ ಕೆಲಸ ಮುಗಿದಿದೆ. ಸುಮ್ನೆ ಕೆರೆಯಬೇಡಿ, ಮುಂದಿನ ಸಾಲಿಗೆ ಹೋಗಿ. ಆದರೆ ಒಂದೇ ದಿನಕ್ಕೆ ಎಲ್ಲವನ್ನೂ ಮುಗಿಸಲೂ ಬೇಡಿ. ಇನ್ನೂ ಕಾಡುತ್ತಿರುವ ಒಂದು ಪದದ ಕೆಳಗೆ ಗೆರೆ ಎಳೆದಿಟ್ಟು ಏಳಿ. ನಾಳೆ ಕೂತ ಕೂಡಲೇ ಮನಸ್ಸು ನೇರವಾಗಿ ಅಲ್ಲಿಗೇ ಹೋಗುತ್ತದೆ. ನನ್ನ ಹಾಳೆಯಲ್ಲಿ ಈಗ ‘ಕಿಟಕಿಯಲಿ’ ಕೆಳಗೆ ಗೆರೆ ಇದೆ.