ಎರಡು ಶ್ರಾವಣದ ವರ್ಷ ಮನೆ ಮಾರಿದ್ದು

ಮೈಸೂರಿನ ಕುವೆಂಪುನಗರದಲ್ಲಿ ಅಪ್ಪ ಕಟ್ಟಿಸಿದ್ದ 30×40ರ ಮನೆಯನ್ನು ನಾನೂ ಅಕ್ಕನೂ ಮಾರಲು ಹೊರಟಿದ್ದು 2023ರ ಜೂನ್ ಕೊನೆಯಲ್ಲಿ. ಆಷಾಢ ಆಗಷ್ಟೇ ಶುರುವಾಗಿತ್ತು. ಬ್ರೋಕರ್ ನಕ್ಕುಬಿಟ್ಟರು. "ಈ ವರ್ಷ ಆಷಾಢ ಆದಮೇಲೆ ಅಧಿಕ ಮಾಸ ಬೇರೆ ಸಾರ್. ಆಗಸ್ಟ್ ಅರ್ಧದ ತನಕ ಯಾರೂ ಅಡ್ವಾನ್ಸ್ ಕೊಡಲ್ಲ. ಈಗಲೇ ಆಗಬೇಕು ಅಂದ್ರೆ ತೊಂಬತ್ತೈದಕ್ಕೆ ಬಿಡಿ."

ನಾವು ಹೇಳಿದ್ದು ಒಂದು ಕೋಟಿ ಹನ್ನೆರಡು ಲಕ್ಷ. ಪಕ್ಕದ ರಸ್ತೆಯಲ್ಲಿ ಆ ವರ್ಷ ಮಾರಾಟವಾದ ಎರಡು ಮನೆಗಳ ಬೆಲೆ ನಮಗೆ ಗೊತ್ತಿತ್ತು. ಪಂಚಾಂಗ ನೋಡಿ ಹದಿನೇಳು ಲಕ್ಷ ಇಳಿಸೋಕೆ ಮನಸ್ಸು ಬರಲಿಲ್ಲ. ಸಾಲದ ಕಂತು ಕುತ್ತಿಗೆಗೆ ಬಂದಿದ್ದರೆ ಬೇರೆ ಮಾತು.

ಮಳೆಗಾಲದಲ್ಲಿ ಮನೆ ತೋರಿಸೋದು ಒಂದು ಪರೀಕ್ಷೆ. ಮೆಟ್ಟಿಲ ಪಕ್ಕದ ಗೋಡೆಯಲ್ಲಿ ತೇವ ಒಸರುತ್ತಿತ್ತು, ಬಣ್ಣ ಹಪ್ಪಳದ ಹಾಗೆ ಎದ್ದಿತ್ತು. ಮೇಲೆ ಪೇಂಟ್ ಹೊಡೆಸಿಬಿಡಿ ಅಂತ ಬ್ರೋಕರ್ ಹೇಳಿದರು. ನಾನು ತಾರಸಿಯ ಬಿರುಕು ಮುಚ್ಚಿಸಿ, ನೀರು ನಿಲ್ಲದ ಹಾಗೆ ಇಳಿಜಾರು ಮಾಡಿಸಿದೆ. 38 ಸಾವಿರ ಆಯಿತು. ಗೋಡೆಗೆ ಮಾತ್ರ ಬಣ್ಣ ಹೊಡೆಸಲಿಲ್ಲ. ನೋಡಲು ಬಂದವರಿಗೆ ನಾನೇ ಕರೆದು ತೋರಿಸುತ್ತಿದ್ದೆ, ಗಾರೆ ಕೆಲಸದ ಬಿಲ್ ಸಮೇತ.

ಬಂದವರು ಕಡಿಮೆ. ಜುಲೈನ ಒಂದು ಆಷಾಢ ಶುಕ್ರವಾರ ಬೆಂಗಳೂರಿನ ಒಂದು ಕುಟುಂಬ ಚಾಮುಂಡಿ ಬೆಟ್ಟಕ್ಕೆ ಬಂದಿತ್ತು. ಗಂಡ, ಹೆಂಡತಿ, ಗಂಡನ ತಾಯಿ. ದರ್ಶನ ಮುಗಿಸಿ, ಪ್ರಸಾದದ ಪೊಟ್ಟಣ ಕೈಯಲ್ಲಿ ಹಿಡಿದೇ ಮನೆ ನೋಡಲು ಬಂದರು. ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದಮೇಲೆ ಇಂಥವರು ಒಬ್ಬೊಬ್ಬರಾಗಿ ಬರುತ್ತಿದ್ದರು. ತಾಯಿ ಆ ಗೋಡೆಗೆ ಅಂಗೈ ಒತ್ತಿ ನಿಂತರು. ಆಮೇಲೆ ಅಡುಗೆಮನೆ ನಲ್ಲಿ ತಿರುಗಿಸಿದರು, ಸಂಪು ಯಾವ ಮೂಲೆಯಲ್ಲಿದೆ ಕೇಳಿದರು. ಈಶಾನ್ಯ ಅಂದೆ. ಮುಖ ಅರಳಿತು. ಮಳೆಯಲ್ಲಿ ನೆನೆದುಕೊಂಡು ಮನೆ ನೋಡೋರು ಸುಮ್ನೆ ಬಂದಿರಲ್ಲ ಅಂತ ನನಗೆ ಅವತ್ತೇ ಅನ್ನಿಸಿತು.

ಒಂದು ಕೋಟಿ ಎಂಟಕ್ಕೆ ಮಾತು ನಿಂತಿತು. "ಅಡ್ವಾನ್ಸ್ ಮಾತ್ರ ಶ್ರಾವಣ ಬಂದಮೇಲೆ" ಅಂದರು ತಾಯಿ. ಜುಲೈ 18ಕ್ಕೆ ಶ್ರಾವಣ ಬಂತು, ಫೋನ್ ಮಾಡಿದೆ. "ಇದು ಅಧಿಕ ಶ್ರಾವಣ ಅಲ್ವಾ? ನಿಜ ಶ್ರಾವಣ ಬರಲಿ" ಅಂದರು!

ಸದ್ಯ, ಕಾಗದಪತ್ರಕ್ಕೆ ಮುಹೂರ್ತ ಬೇಕಿಲ್ಲ. ಆ ಒಂದು ತಿಂಗಳಲ್ಲಿ ಅವರ ಬ್ಯಾಂಕಿನ ವಕೀಲರಿಗೆ ಎಲ್ಲದರ ನಕಲು ಕೊಟ್ಟೆವು: ಕ್ರಯಪತ್ರ, ಖಾತೆ, ಕಂದಾಯದ ರಸೀದಿ, ವಂಶವೃಕ್ಷ, ಇಸಿ (ಆಸ್ತಿಯ ಮೇಲೆ ನೋಂದಣಿಯಾದ ಸಾಲ, ಮಾರಾಟಗಳನ್ನು ತೋರಿಸುವ ಋಣಭಾರ ಪತ್ರ). ವಕೀಲರು ಇಸಿಯಲ್ಲಿ ಒಂದು ಸಾಲಿನ ಮೇಲೆ ಪೆನ್ಸಿಲ್ ಗುರುತು ಹಾಕಿ ವಾಪಸ್ ಕಳಿಸಿದರು. ಅಪ್ಪ ಎಷ್ಟೋ ವರ್ಷದ ಹಿಂದೆ ಮನೆ ಅಡವಿಟ್ಟು ತೆಗೆದ ಸಾಲ. 2006ರಲ್ಲೇ ತೀರಿಸಿದ್ದರು, ಮೂಲ ಪತ್ರಗಳೂ ಮನೆಗೆ ಬಂದಿದ್ದವು. ಆದರೆ ಸಾಲ ತೀರಿತು ಅನ್ನೋದನ್ನು ಯಾರೂ ರಿಜಿಸ್ಟರ್ ಮಾಡಿಸಿರಲಿಲ್ಲ. ಹಾಗಾಗಿ ಇಸಿಯ ಲೆಕ್ಕದಲ್ಲಿ ಮನೆ ಇನ್ನೂ ಅಡವಲ್ಲೇ ಇತ್ತು. ಸಾಲ ಕೊಟ್ಟ ಶಾಖೆ ಬೇರೆ ಶಾಖೆಗೆ ಸೇರಿಹೋಗಿತ್ತು. ಹಳೇ ಲೆಡ್ಜರ್ ಹುಡುಕಿಸಿ, ಮ್ಯಾನೇಜರ್ ಸಹಿ ಹಾಕಿಸಿ, ಆ ಪತ್ರ ನೋಂದಣಿ ಆಗೋ ಹೊತ್ತಿಗೆ ಮೂರು ವಾರ ಹೋಯಿತು. ಇದು ಅಡ್ವಾನ್ಸ್ ತಗೊಂಡ ಮೇಲೆ ಸಿಕ್ಕಿದ್ದರೆ ಅವರಿಗೆ ನಮ್ಮ ಮೇಲೆ ಅನುಮಾನ ಬರುತ್ತಿತ್ತು. ಮನೆ ಮಾರುವ ಯೋಚನೆ ಇದ್ದರೆ ಮೊದಲು ಇಸಿ ತೆಗೆಸಿ ನೋಡಿ, ಬ್ರೋಕರ್ ಆಮೇಲೆ.

ಆಗಸ್ಟ್ 25, ವರಮಹಾಲಕ್ಷ್ಮಿ ಹಬ್ಬದ ದಿನ ಹತ್ತು ಲಕ್ಷದ ಚೆಕ್ಕು ಬಂತು, ಕರಾರುಪತ್ರಕ್ಕೆ ಸಹಿ ಆಯಿತು. ಐವತ್ತು ಲಕ್ಷ ದಾಟಿದ್ದರಿಂದ ಕೊಳ್ಳುವವರು ನಮಗೆ ಕೊಡುವ ಹಣದಲ್ಲಿ ಶೇ 1 ಟಿಡಿಎಸ್, ಅಂದರೆ ಆದಾಯ ತೆರಿಗೆ, ಹಿಡಿದು ಕಟ್ಟಬೇಕು. ಮಾರುವವರು ನಾವಿಬ್ಬರಾದ್ದರಿಂದ ನನಗೊಂದು, ಅಕ್ಕನಿಗೊಂದು ಬೇರೆ ಬೇರೆ ಫಾರಂ.

ಸೆಪ್ಟೆಂಬರ್‌ನಲ್ಲಿ ಇನ್ನೊಂದು ಗಡಿಬಿಡಿ. ಅಕ್ಟೋಬರ್ 1ರಿಂದ ಮಾರ್ಗಸೂಚಿ ದರ, ಅಂದರೆ ನೋಂದಣಿಗೆ ಸರ್ಕಾರ ಗೊತ್ತು ಮಾಡೋ ಕನಿಷ್ಠ ಬೆಲೆ, ಏರುತ್ತೆ ಅಂತ ಗೊತ್ತಾಗಿ ಜನ ನೋಂದಣಿಗೆ ಮುಗಿಬಿದ್ದರು. ನಮ್ಮದು ಪೂರ್ತಿ ಚೆಕ್ ವ್ಯವಹಾರ. ಪತ್ರದಲ್ಲಿದ್ದ ಬೆಲೆ ಹೊಸ ದರಕ್ಕಿಂತಲೂ ಜಾಸ್ತಿಯೇ ಇತ್ತು, ಆ ಏರಿಕೆಯಿಂದ ನಮಗೆ ಬಿಸಿ ತಟ್ಟುತ್ತಿರಲಿಲ್ಲ. ಆದರೆ ತಿಂಗಳ ಕೊನೆಗೆ ಪಿತೃಪಕ್ಷ! 28ಕ್ಕೆ ಈದ್ ಮಿಲಾದ್ ರಜೆ, 29ಕ್ಕೆ ಕಾವೇರಿ ವಿಷಯಕ್ಕೆ ಕರ್ನಾಟಕ ಬಂದ್. ಉಳಿದಿದ್ದು 27, ಬುಧವಾರ.

ಬೆಳಿಗ್ಗೆ ಹತ್ತಕ್ಕೆ ಹೋದವರು, ಫೋಟೋ, ಹೆಬ್ಬೆಟ್ಟು ಮುಗಿಸಿ ಹೊರಗೆ ಬಂದಾಗ ಸಂಜೆ ಆರು. ಬೀಗದ ಕೈಗೊಂಚಲನ್ನು ಆ ತಾಯಿ ಕೈಯಲ್ಲಿಟ್ಟು, "ಹಾಲುಕ್ಕಿಸೋದು ಯಾವಾಗ ಅಮ್ಮ?" ಅಂತ ಕೇಳಿದೆ.

"ಪಿತೃಪಕ್ಷ ಮುಗೀಲಿ ಅಪ್ಪ, ನವರಾತ್ರೀಲಿ" ಅಂದರು.